ಹೋಲ್ಟರ್‌ಗೆ, ಮಾನಿಟರ್‌ಗೆ ಎಲೆಕ್ಟ್ರೋಡ್ ಕೊಳ್ಳುವಾಗ ಏನು ನೋಡಬೇಕು?

ಚೀಟಿಯಲ್ಲಿ "ಇಸಿಜಿ ಎಲೆಕ್ಟ್ರೋಡ್ - 10" ಅಂತ ಮಾತ್ರ ಬರೆದಿರುತ್ತದೆ. ಹೃದಯ ಬಡಿತದ ಗೆರೆ, ಅಂದರೆ ಇಸಿಜಿ, ತೆಗೆಯಲು ಮೈಗೆ ಅಂಟಿಸುವ ಪಟ್ಟಿ ಅದು. ರೋಗಿಯ ಕಡೆಯವರು ಅದನ್ನು ಹಿಡಿದು ಆಸ್ಪತ್ರೆ ಎದುರಿನ ಸರ್ಜಿಕಲ್ ಅಂಗಡಿಗೆ ಓಡುತ್ತಾರೆ. ಅಂಗಡಿಯವರು ಕೊಟ್ಟದ್ದನ್ನು ತಂದುಬಿಡುತ್ತಾರೆ. ಯಾವ ಅಳತೆ, ಯಾವ ಜೆಲ್, ಯಾವಾಗಿನ ಪ್ಯಾಕೆಟ್ ಅಂತ ಕೇಳುವವರು ಕಡಿಮೆ. ಕೇಳಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿ ಹೋಲ್ಟರ್ ಕಟ್ಟುವ ಕೆಲಸ ಮಾಡುತ್ತೇನೆ. ಒಂದೆರಡು ದಿನ ಮೈಮೇಲೇ ಇದ್ದು ಹೃದಯ ಬಡಿತದ ಗೆರೆ ದಾಖಲಿಸುವ ಸಣ್ಣ ಯಂತ್ರ ಅದು. ಮುಂಡರಗಿ, ರೋಣ, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಾರೆ. ಯಂತ್ರ ಕಟ್ಟಿಸಿಕೊಂಡು ಊರಿಗೆ ಹೋಗುತ್ತಾರೆ. ಮರುದಿನ ಬಿಚ್ಚಿಸಲು ಮತ್ತೆ ಬರುತ್ತಾರೆ. ಎರಡು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ, ಟೆಸ್ಟ್‌ಗೆ ಸಾವಿರದ ಮೇಲೆ ದುಡ್ಡು. ರಾತ್ರಿ ಒಂದು ಪಟ್ಟಿ ಕಿತ್ತು ಬಂದರೆ ಇಷ್ಟೂ ನೀರಲ್ಲಿ ಹೋಮ. ಕಂಪ್ಯೂಟರ್‌ನಲ್ಲಿ ತೆರೆದು ನೋಡಿದರೆ ಅರ್ಧ ದಿನದ ಗೆರೆ ಬರೀ ಗೀಚು. ತಲೆ ತಿರುಗಿದ್ದು ರಾತ್ರಿ ಎರಡು ಗಂಟೆಗೆ, ಪಟ್ಟಿ ಬಿದ್ದದ್ದು ಒಂದು ಗಂಟೆಗೆ ಅಂದರೆ ಡಾಕ್ಟರ್ ಏನು ನೋಡಬೇಕು ಹೇಳಿ?

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಯಾವ ಕಂಪನಿ ಅನ್ನುವುದಕ್ಕಿಂತ ಪ್ಯಾಕೆಟ್ ತಾಜಾ ಇದೆಯಾ ಅನ್ನುವುದು ಮುಖ್ಯ. ಅದಕ್ಕಿಂತಲೂ ಮುಖ್ಯ, ಅಂಟಿಸುವ ಮೊದಲು ಚರ್ಮವನ್ನು ಚೊಕ್ಕ ಮಾಡುವುದು. ಈ ಎರಡು ಸರಿಯಿದ್ದರೆ ಸಾಧಾರಣ ಬೆಲೆಯ ಎಲೆಕ್ಟ್ರೋಡ್ ಕೂಡ ಒಳ್ಳೆಯ ಗೆರೆ ಕೊಡುತ್ತದೆ.

ಒಂದು ಎಚ್ಚರಿಕೆ. ಈಗ ಎದೆ ನೋವು, ಬೆವರು, ಉಸಿರು ಕಟ್ಟುವುದು ಇದ್ದರೆ ಈ ಲೇಖನ ಬದಿಗಿಟ್ಟು 108ಕ್ಕೆ ಫೋನ್ ಮಾಡಿ.

ಮೊದಲು ಒಂದನ್ನು ಬಿಡಿಸಿ ನೋಡಿ

ಒಂದು ಎಲೆಕ್ಟ್ರೋಡ್ ಕೈಗೆ ತೆಗೆದುಕೊಳ್ಳಿ. ಮೇಲೆ ಪ್ರೆಸ್ ಬಟನ್ ಥರ ಒಂದು ಲೋಹದ ಗುಂಡಿ. ಅದಕ್ಕೆ ವೈರ್ ಸಿಕ್ಕಿಸುವುದು. ಸುತ್ತ ಬಿಳಿ ಫೋಮ್ ಅಥವಾ ಬಟ್ಟೆ. ಕೆಳಗಿನ ಪ್ಲಾಸ್ಟಿಕ್ ಹಾಳೆ ಕಿತ್ತರೆ ನಡುವೆ ಒಂದು ಸಣ್ಣ ಸ್ಪಾಂಜು ಕಾಣುತ್ತದೆ, ಜೆಲ್‌ನಲ್ಲಿ ನೆನೆದದ್ದು. ಅದರ ಸುತ್ತ ಅಂಟು. ಸ್ಪಾಂಜಿನ ಹಿಂದೆ ಅಡಗಿರುವ ಗುಂಡಿಯ ತಳಕ್ಕೆ ಬೆಳ್ಳಿಯ ತೆಳು ಲೇಪ, ಅದರ ಮೇಲೆ ಸಿಲ್ವರ್ ಕ್ಲೋರೈಡ್. ಜೆಲ್‌ನಲ್ಲಿ ಇರುವುದು ನೀರು ಮತ್ತು ಉಪ್ಪು.

ಹೃದಯದ ಬಡಿತ ಎದೆಯ ಚರ್ಮದ ಮೇಲೆ ಸಿಗುವಾಗ ಸುಮಾರು 1 ಮಿಲಿವೋಲ್ಟ್ ಮಾತ್ರ ಇರುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ಅದರ ಸಾವಿರದೈನೂರನೇ ಒಂದು ಪಾಲು. ಇಷ್ಟು ಸಣ್ಣ ಸಂಕೇತ ಚರ್ಮದ ಸತ್ತ ಪದರ ದಾಟಿ, ಜೆಲ್ ದಾಟಿ, ಲೋಹಕ್ಕೆ ಬರಬೇಕು. ನಡುವೆ ಎಲ್ಲಿ ಒಣಗಿದರೂ ಅದು ಅಲ್ಲೇ ಸೋರಿಹೋಗುತ್ತದೆ. ಅದರ ಜಾಗದಲ್ಲಿ ಗೋಡೆಯ ವೈರಿನ 50 ಹರ್ಟ್ಸ್ ಕರೆಂಟಿನ ಗುಂಯ್ ಬಂದು ಕೂರುತ್ತದೆ.

ಇಸಿಜಿ ಶುರುವಾದ ಕಾಲದಲ್ಲಿ ಹಾಲೆಂಡಿನ ವಿಜ್ಞಾನಿ ಐಂತೋವನ್ ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ಕೂರಿಸುತ್ತಿದ್ದರು. ಇಸಿಜಿಯ ಕೆಲಸಕ್ಕೆ 1924ರಲ್ಲಿ ಅವರಿಗೆ ನೊಬೆಲ್ ಬಂತು. ಪಾತ್ರೆ ತುಂಬ ಉಪ್ಪುನೀರು ಮಾಡುತ್ತಿದ್ದ ಕೆಲಸವನ್ನು ಇವತ್ತು ಉಗುರಿನಗಲದ ಜೆಲ್ ಮಾಡುತ್ತಿದೆ. ಅದಕ್ಕೇ ಜೆಲ್ ಒಣಗಿದರೆ ಎಲೆಕ್ಟ್ರೋಡ್ ಮುಗಿದ ಹಾಗೆ. ಅಂಟು ಎಷ್ಟೇ ಗಟ್ಟಿ ಇರಲಿ.

ಹೆಜ್ಜೆ 1: ಯಾವ ಟೆಸ್ಟ್ ಅಂತ ಕೇಳಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ನರ್ಸ್ ಹತ್ತಿರ ಇದೊಂದನ್ನು ಕೇಳಿ: ಸಾದಾ ಇಸಿಜಿಗಾ, ಮಾನಿಟರ್‌ಗಾ, ಹೋಲ್ಟರ್‌ಗಾ, ಟ್ರೆಡ್‌ಮಿಲ್‌ಗಾ?

ಮಲಗಿಸಿ ತೆಗೆಯುವ 12 ಲೀಡ್ ಇಸಿಜಿಗೆ, ಅಂದರೆ ಹೃದಯವನ್ನು 12 ಕೋನದಿಂದ ತೋರಿಸುವ ಇಸಿಜಿಗೆ, 10 ಎಲೆಕ್ಟ್ರೋಡ್ ಬೇಕು. ಕೆಲಸ ಕೆಲವೇ ನಿಮಿಷದ್ದು. ಗುಂಡಿ ಇಲ್ಲದ, ಚಪ್ಪಟೆ ಬಾಲದ ಪಟ್ಟಿಗಳು ಇದಕ್ಕಾಗಿಯೇ ಬರುತ್ತವೆ. ಕ್ಲಿಪ್ ಹಾಕಿ ಕಚ್ಚಿಸುವುದು. ಅಗ್ಗ, ಹಗುರ. ಆದರೆ ಅದೇ ಪಟ್ಟಿಯನ್ನು ಹೋಲ್ಟರ್‌ಗೆ ಬಳಸಿದರೆ ಸಂಜೆಯೊಳಗೆ ಕಿತ್ತು ಬರುತ್ತದೆ.

ಐಸಿಯು ಮಾನಿಟರ್‌ಗೆ 3 ಅಥವಾ 5 ಬೇಕು. ಗುಂಡಿ ಇರುವಂಥದ್ದು. ಹೋಲ್ಟರ್‌ಗೆ ಯಂತ್ರ ನೋಡಿ 5, 7 ಅಥವಾ 10, ಮತ್ತು ಅದು 24 ಅಥವಾ 48 ಗಂಟೆ ಕೂರಬೇಕು. ಹೋಲ್ಟರ್‌ಗೆ ಮತ್ತು ಟ್ರೆಡ್‌ಮಿಲ್‌ಗೆ ಗಟ್ಟಿ ಅಂಟಿನ, ಒದ್ದೆ ಜೆಲ್ ಇರುವ ಫೋಮ್ ಪಟ್ಟಿಯೇ ವಾಸಿ ಅನ್ನುವುದು ನನ್ನ ಅನುಭವ.

ದೊಡ್ಡವರಿಗೆ ಸುಮಾರು 50 ಮಿಲಿಮೀಟರ್ ಅಗಲದ್ದು, ಮಕ್ಕಳಿಗೆ 40ರ ಆಸುಪಾಸು, ಎಳೆ ಕೂಸಿಗೆ 25ರಿಂದ 30. ಕೂಸಿನ ಎದೆಗೆ ದೊಡ್ಡವರ ಪಟ್ಟಿಯನ್ನು ಕತ್ತರಿಸಿ ಹಾಕಬೇಡಿ. ಅಂಚು ಕತ್ತರಿಸಿದರೆ ಅಂಟು ಹೋಗುತ್ತದೆ, ಜೆಲ್ ಒಣಗುತ್ತದೆ. ಆ ಅಂಟು ಎಳೆ ಚರ್ಮಕ್ಕೆ ಜಾಸ್ತಿಯೂ ಆಗುತ್ತದೆ.

ಎಂಆರ್‌ಐ ಇದ್ದರೆ ಒಳಗೆ ಹೋಗುವ ಮೊದಲು ಮಾಮೂಲಿ ಎಲೆಕ್ಟ್ರೋಡ್ ಎಲ್ಲ ತೆಗೆಸಬೇಕು. ಕಾದು ಚರ್ಮ ಸುಡುವ ಅಪಾಯ ಇದೆ. ಬೆನ್ನ ಹಿಂದೆ ಒಂದು ಉಳಿದುಹೋಗಿದೆಯಾ ಅಂತಲೂ ನೋಡಿಸಿ.

ಹೆಜ್ಜೆ 2: ವೈರಿನ ತುದಿಯ ಫೋಟೋ ತೆಗೆದುಕೊಳ್ಳಿ

ಇದು ಸುಮ್ನೆ ಅರ್ಧ ನಿಮಿಷದ ಕೆಲಸ. ತುದಿಯಲ್ಲಿ ಗುಂಡಿ ಹಿಡಿಯುವ ಬಾಯಿ ಇದೆಯಾ, ಮೊಸಳೆ ಬಾಯಿಯ ಕ್ಲಿಪ್ ಇದೆಯಾ? ಫೋಟೋ ತೋರಿಸಿದರೆ ಅಂಗಡಿಯವರಿಗೂ ಗೊತ್ತಾಗುತ್ತದೆ. ಗುಂಡಿಯ ಅಳತೆ ಸಾಮಾನ್ಯವಾಗಿ 4 ಮಿಲಿಮೀಟರ್, ಹೆಚ್ಚಿನ ಕಂಪನಿಗಳದ್ದು ಒಂದೇ.

ಹೆಜ್ಜೆ 3: ಪ್ಯಾಕೆಟ್ ತಿರುಗಿಸಿ ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಾನು ನೋಡಿದ ಕೆಟ್ಟ ಗೆರೆಗಳಲ್ಲಿ ಎಷ್ಟೋ ಈ ಹೆಜ್ಜೆ ತಪ್ಪಿದ್ದರಿಂದಲೇ ಬಂದವು.

ಮರಳು ಗಡಿಯಾರದ ಚಿತ್ರ ಹುಡುಕಿ. ಅದರ ಪಕ್ಕದ ವರ್ಷ, ತಿಂಗಳು ಅಂದರೆ ಅಷ್ಟರೊಳಗೆ ಬಳಸಬೇಕು ಅಂತ. ತೆರೆಯದ ಪ್ಯಾಕೆಟ್‌ಗೆ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಆಯುಸ್ಸು ಇರುತ್ತದೆ. ಥರ್ಮಾಮೀಟರ್ ಚಿತ್ರದ ಪಕ್ಕದ ಅಂಕಿ, ಎಷ್ಟು ಡಿಗ್ರಿಯೊಳಗೆ ಇಡಬೇಕು ಅನ್ನುವುದು. 2 ಬರೆದು ಅಡ್ಡಗೆರೆ ಎಳೆದಿದ್ದರೆ ಒಂದೇ ಸಲ ಬಳಸಬೇಕು ಅಂತ ಅರ್ಥ. ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರ್ ಇರಲೇಬೇಕು. ಇವು ಯಾವುವೂ ಇಲ್ಲದ ಬಿಳಿ ಕವರ್ ಕೊಟ್ಟರೆ ವಾಪಸ್ ಕೊಟ್ಟುಬಿಡಿ.

ಈಗ ದೊಡ್ಡ ತೊಂದರೆಯ ಮಾತು. 50ರ ಪ್ಯಾಕೆಟ್ ಒಡೆದು, ಐದೈದು ಎಣಿಸಿ, ಪೇಪರ್‌ನಲ್ಲಿ ಸುತ್ತಿ ಬಿಡಿಯಾಗಿ ಮಾರುವ ಪದ್ಧತಿ ಇದೆ. ರೋಗಿಗೆ ದುಡ್ಡು ಉಳಿಯಲಿ ಅನ್ನುವುದೇ ಅಂಗಡಿಯವರ ಉದ್ದೇಶ ಇರಬಹುದು. ಆದರೆ ಆ ಬೆಳ್ಳಿ ಬಣ್ಣದ ಚೀಲ ಇರುವುದೇ ಜೆಲ್‌ನ ನೀರು ಆರದಂತೆ ತಡೆಯಲಿಕ್ಕೆ. ಒಮ್ಮೆ ತೆರೆದ ಮೇಲೆ ಕಂಪನಿ ನೋಡಿ ಕೆಲವು ದಿನದಿಂದ ಒಂದು ತಿಂಗಳವರೆಗೆ ಮಾತ್ರ ಅದು ಸರಿಯಾಗಿರುತ್ತದೆ, ಅದೂ ಚೀಲದ ಬಾಯಿ ಮಡಚಿ ಇಟ್ಟಿದ್ದರೆ. ಪೇಪರ್‌ನಲ್ಲಿ ಸುತ್ತಿ ಕೊಟ್ಟ ಪಟ್ಟಿ ಯಾವಾಗ ತೆರೆದದ್ದು? ಯಾರಿಗೂ ಗೊತ್ತಿಲ್ಲ. ಮೇಲಿನ ದಿನಾಂಕವೂ ನಿಮ್ಮ ಕೈಗೆ ಬರಲಿಲ್ಲ.

3, 5, 10ರ ಸಣ್ಣ ಚೀಲಗಳು ಬರುತ್ತವೆ. ಅದನ್ನೇ ಕೇಳಿ. ಇಲ್ಲ ಅಂದರೆ ಇನ್ನೊಂದು ಅಂಗಡಿಗೆ ಹೋಗಿ. ಒಂದು ಎಲೆಕ್ಟ್ರೋಡ್‌ನ ಬೆಲೆ ಕೆಲವೇ ರೂಪಾಯಿ, ತುಟ್ಟಿ ಸಾಮಾನಲ್ಲ. ಇಲ್ಲಿ ಉಳಿಸುವ ಇಪ್ಪತ್ತು ರೂಪಾಯಿಗೆ ಮತ್ತೊಮ್ಮೆ ಹುಬ್ಬಳ್ಳಿಗೆ ಬರುವ ಪಾಳಿ ಬರಬಾರದು.

ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದಾರೆ ಅನ್ನುವುದನ್ನೂ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಬಿಸಿಲು ಗೊತ್ತಲ್ವಾ? ಗಾಜಿನ ಶೋಕೇಸಿನಲ್ಲಿ ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ ಇಟ್ಟ ಪ್ಯಾಕೆಟ್ ಬೇಡ. ಕೊಂಡ ಮೇಲೆ ನೀವೂ ಅದನ್ನು ಬೈಕಿನ ಡಿಕ್ಕಿಯಲ್ಲಿ, ನಿಂತ ಕಾರಿನಲ್ಲಿ ಬಿಡಬೇಡಿ. ಫ್ರಿಜ್‌ಗೂ ಹಾಕಬೇಡಿ.

ತೆರೆದ ಮೇಲೆ ಕೊನೆಯ ಪರೀಕ್ಷೆ: ಹಾಳೆ ಕಿತ್ತು ಸ್ಪಾಂಜಿಗೆ ಬೆರಳಿನ ತುದಿ ಹಗುರ ತಾಗಿಸಿ. ತಣ್ಣಗೆ ಒದ್ದೆ ಅನ್ನಿಸಬೇಕು. ಕೆಲವದರಲ್ಲಿ ಒದ್ದೆ ಸ್ಪಾಂಜಿನ ಬದಲು ಗಟ್ಟಿ ಜೆಲ್ ಇರುತ್ತದೆ, ಅದಾದರೆ ಹೊಳಪು ಇರಬೇಕು, ಅಂಟಂಟಾಗಿರಬೇಕು. ಸ್ಪಾಂಜು ಒಣಗಿ ಬೆಳ್ಳಗಾಗಿದ್ದರೆ, ಜೆಲ್ ಅಂಚಿಗೆ ಹರಿದು ಅಂಟಿನ ಮೇಲೆ ಬಂದಿದ್ದರೆ, ಅದನ್ನು ಬಿಸಾಡಿ. ನೀರು ಹಚ್ಚಿ ನೆನೆಸಿ ಬಳಸುವುದು, ಬೇರೆ ಜೆಲ್ ತುಂಬುವುದು ಎರಡೂ ಬೇಡ. ಬೆರಳು ತಾಗಿಸಿ ನೋಡಿದ ಆ ಒಂದನ್ನು ಮೈಗೆ ಬಳಸಬೇಡಿ. ಅದಕ್ಕೇ ಯಾವಾಗಲೂ ಒಂದೆರಡು ಹೆಚ್ಚಿಗೆ ತನ್ನಿ.

ಹೆಜ್ಜೆ 4: ಫೋಮಾ, ಬಟ್ಟೆಯಾ? ಒದ್ದೆ ಜೆಲ್ಲಾ, ಗಟ್ಟಿ ಜೆಲ್ಲಾ?

ಫೋಮ್ ನೀರಿಗೆ ಜಗ್ಗುವುದಿಲ್ಲ, ಅಂಟು ಬಲ. ಆದರೆ ಗಾಳಿ ಆಡುವುದಿಲ್ಲ. ಬಟ್ಟೆಯಂಥದ್ದು ಮೈಯೊಂದಿಗೆ ಬಾಗುತ್ತದೆ, ಬೆವರು ಆರುತ್ತದೆ, ಸೂಕ್ಷ್ಮ ಚರ್ಮಕ್ಕೆ ಹಿತ. ಒದ್ದೆ ಜೆಲ್ ಚರ್ಮದೊಳಗೆ ಬೇಗ ಇಳಿಯುತ್ತದೆ, ಒಣ ಚರ್ಮದವರಿಗೆ ಒಳ್ಳೆಯದು. ಗಟ್ಟಿ ಜೆಲ್ ತುರಿಕೆ ಕಡಿಮೆ ಮಾಡುತ್ತದೆ, ಕಿತ್ತಾಗ ಮೈಗೆ ಅಂಟಿ ಉಳಿಯುವುದಿಲ್ಲ.

ನಮ್ಮ ಕಡೆ ಹವೆ ಒಂದೇ ಥರ ಇರುವುದಿಲ್ಲ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೈ ತಂಪಗಿದ್ದರೂ ಬಟ್ಟೆ ಸದಾ ಹಸಿ. ಆಗ ಫೋಮ್ ಆರಿಸಿ. ಬೇಸಿಗೆಯಲ್ಲಿ ಹೊಲದ ಕೆಲಸ ಇರುವವರು, ಜಾಸ್ತಿ ಬೆವರುವವರಿಗೂ ಹೋಲ್ಟರ್‌ಗೆ ಫೋಮ್ ಒದ್ದೆ ಜೆಲ್ಲೇ ಸರಿ. ವಯಸ್ಸಾದವರ ಚರ್ಮ ಕಾಗದದ ಹಾಗೆ ತೆಳ್ಳಗಿದ್ದರೆ, ಮೊದಲು ಬ್ಯಾಂಡೇಜ್ ಪಟ್ಟಿಗೆ ಗುಳ್ಳೆ ಎದ್ದಿದ್ದರೆ, ಬಟ್ಟೆ ಮತ್ತು ಗಟ್ಟಿ ಜೆಲ್ ಕೇಳಿ.

ಇನ್ನೊಂದು ಮಾದರಿ ಇದೆ: ಗುಂಡಿ ಜೆಲ್‌ನ ನೆತ್ತಿಯ ಮೇಲೆ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. ವೈರ್ ಜಗ್ಗಿದರೂ ಜೆಲ್ ಅಲುಗುವುದಿಲ್ಲ. ಸ್ವಲ್ಪ ತುಟ್ಟಿ. ಹಗಲೆಲ್ಲ ಓಡಾಡುವವರ ಹೋಲ್ಟರ್‌ಗೆ ಸಿಕ್ಕರೆ ಬಿಡಬೇಡಿ.

ನರ್ಸಿಂಗ್ ಹೋಮ್‌ಗೆ ಒಟ್ಟಿಗೆ ಕೊಳ್ಳುವವರು ಎಎನ್‌ಎಸ್‌ಐ-ಎಎಎಂಐ ಇಸಿ12 ಅನ್ನುವ, ಇಸಿಜಿ ಎಲೆಕ್ಟ್ರೋಡ್‌ಗಳ ಅಮೆರಿಕದ ಮಾನದಂಡದ ವರದಿ ಕೇಳಿ. ಎರಡು ಎಲೆಕ್ಟ್ರೋಡ್‌ಗಳ ಜೆಲ್‌ಗೆ ಜೆಲ್ ಕೂಡಿಸಿ 10 ಹರ್ಟ್ಸ್‌ನಲ್ಲಿ ಅಳೆದರೆ ತಡೆ ಸರಾಸರಿ 2 ಕಿಲೋ ಓಮ್ ದಾಟಬಾರದು, ಯಾವ ಒಂದು ಜೋಡಿಯೂ 3 ದಾಟಬಾರದು. ಒಂದು ನಿಮಿಷದ ನಂತರ ಎಲೆಕ್ಟ್ರೋಡ್‌ಗಳಲ್ಲೇ ಹುಟ್ಟುವ ಸ್ವಂತ ವೋಲ್ಟೇಜ್ 100 ಮಿಲಿವೋಲ್ಟ್‌ಗಿಂತ ಹೆಚ್ಚಿರಬಾರದು. ಹೃದಯದ ಲಯ ಕೆಟ್ಟಾಗ ಎದೆಗೆ ಕರೆಂಟ್ ಕೊಡುವ ಡಿಫಿಬ್ರಿಲೇಟರ್ ಯಂತ್ರದಿಂದ ಶಾಕ್ ಕೊಟ್ಟ ಮೇಲೆ ಐದು ಸೆಕೆಂಡಿನಲ್ಲಿ ಆ ಮಿತಿಯೊಳಗೆ ವಾಪಸ್ ಬರಬೇಕು. ಸಿಲ್ವರ್ ಕ್ಲೋರೈಡ್ ಇರುವುದು ಇದಕ್ಕೇ. ಶಾಕ್ ಕೊಟ್ಟ ಮರುಕ್ಷಣ ಹೃದಯ ಓಡುತ್ತಿದೆಯಾ ನಿಂತಿದೆಯಾ ಅಂತ ಪರದೆಯ ಮೇಲೆ ಕಾಣಲೇಬೇಕು.

ಹೆಜ್ಜೆ 5: ಚರ್ಮ

ಹೋಲ್ಟರ್‌ಗೆ ಬರುವ ದಿನ ಸೋಪು ಹಚ್ಚಿ ಸ್ನಾನ ಮಾಡಿ ಬನ್ನಿ. ಎಣ್ಣೆ, ಪೌಡರ್, ಕ್ರೀಮ್ ಬೇಡ. ಹಬ್ಬದ ಎಣ್ಣೆ ಸ್ನಾನದ ಮರುದಿನ ಟೆಸ್ಟ್ ಇದ್ದರೆ ಇನ್ನೊಮ್ಮೆ ಸೋಪು ಹಚ್ಚಿ. ಎಣ್ಣೆ ಮೈ ಮೇಲೆ ಯಾವ ಕಂಪನಿಯ ಅಂಟೂ ನಿಲ್ಲುವುದಿಲ್ಲ. ಎದೆಗೆ ವಿಭೂತಿ ಹಚ್ಚುವವರು ಆವತ್ತು ಹಣೆ, ತೋಳಿಗೆ ಮಾತ್ರ ಹಚ್ಚಿದರೆ ಸಾಕು.

ಕೂದಲಿದ್ದರೆ ಕತ್ತರಿ ಅಥವಾ ಟ್ರಿಮ್ಮರ್‌ನಲ್ಲಿ ಕತ್ತರಿಸಬೇಕು. ರೇಜರ್‌ನಿಂದ ಹೆರೆದರೆ ಕಣ್ಣಿಗೆ ಕಾಣದ ಗಾಯ ಆಗುತ್ತದೆ. ಅದರ ಮೇಲೆ ಉಪ್ಪಿನ ಜೆಲ್ ಕೂತರೆ ರಾತ್ರಿಯೆಲ್ಲ ಉರಿ.

ಆಮೇಲೆ ಒಣ ಗಾಜ್ ಬಟ್ಟೆಯಿಂದ ಆ ಜಾಗವನ್ನು ನಾಲ್ಕೈದು ಸಲ ಹಗುರ ಉಜ್ಜಬೇಕು. ಚರ್ಮ ತುಸು ಕೆಂಪಾದರೆ ಸಾಕು, ಗೀರು ಬರಬಾರದು. ಸತ್ತ ಪದರ ಹೋದರೆ ತಡೆ ಬಹಳ ಇಳಿಯುತ್ತದೆ, ಮೈ ಅಲುಗಿದಾಗ ಗೆರೆ ಕುಣಿಯುವುದೂ ಕಡಿಮೆಯಾಗುತ್ತದೆ. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ. ನಿಮ್ಮ ಟೆಕ್ನಿಷಿಯನ್ ಮಾಡದಿದ್ದರೆ ಸಂಕೋಚ ಬಿಟ್ಟು ಕೇಳಿ. ಬ್ಯಾಡಗಿಯ ಕಡೆ ಮೆಣಸಿನಕಾಯಿ ಕೆಲಸ ಮಾಡಿ ಬಂದವರಿಗೆ ಮಾತ್ರ ಮೊದಲು ಸೋಪು ನೀರಿನಿಂದ ಎದೆ ತೊಳೆಸಿ, ಒರೆಸಿ, ಆಮೇಲೆ ಉಜ್ಜಿ. ಖಾರದ ಧೂಳು ಮೈಮೇಲಿರುವಾಗ ಉಜ್ಜಿದರೆ ಪಾಪ, ಉರಿ ತಡೆಯಲಾಗುವುದಿಲ್ಲ.

ಸ್ಪಿರಿಟ್ ಒರೆಸುವ ಅಭ್ಯಾಸ ಎಲ್ಲೆಡೆ ಇದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ, ಒಣ ಚರ್ಮ ಕರೆಂಟಿಗೆ ಅಡ್ಡ. ಎಣ್ಣೆ ಹೋಗಲೇ ಇಲ್ಲ ಅಂದರೆ ಮಾತ್ರ ಬಳಸಿ, ಪೂರ್ತಿ ಆರಿದ ಮೇಲೆ ಅಂಟಿಸಿ.

ಇನ್ನು ಇಷ್ಟಲಿಂಗದ ಮಾತು. ನಮ್ಮಲ್ಲಿ ಎಷ್ಟೋ ಹಿರಿಯರ ಎದೆಯ ಮೇಲೆ ಕರಡಿಗೆ, ಶಿವದಾರ ಇರುತ್ತದೆ. ಅದು ತೂಗಿ ತೂಗಿ ಎದೆ ನಡುವಿನ ಎಲೆಕ್ಟ್ರೋಡ್‌ಗೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಗೆರೆಯಲ್ಲಿ ಒಂದು ಸುಳ್ಳು ಬಡಿತ. ಹಾಗಂತ ನಾವೇ ಕೈ ಹಾಕಿ ತೆಗೆಯಬಾರದು. "ಅಜ್ಜಾರ, ಇದನ್ನ ಬನಿಯನ್ ಮೇಲೆ ಬರೋ ಹಂಗ ಹಾಕ್ಕೋತೀರೇನ್ರಿ?" ಅಂತ ಕೇಳಿದರೆ ಅವರೇ ಸರಿಪಡಿಸಿಕೊಳ್ಳುತ್ತಾರೆ. ದಿನವೂ ಸ್ನಾನ ಮಾಡಿ ಲಿಂಗಪೂಜೆ ಮಾಡುವವರಿಗೆ ಮರುದಿನ ಬೆಳಿಗ್ಗೆ ಸ್ನಾನ ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿ. ಎದೆ ಬಿಟ್ಟು ಉಳಿದ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬಹುದು. ಇದನ್ನು ಹೇಳದೆ ಕಳಿಸಿದರೆ ಕೆಲವರು ಮನೆಯಲ್ಲಿ ಯಂತ್ರ ಬಿಚ್ಚಿಟ್ಟೇ ಸ್ನಾನಕ್ಕೆ ಹೋಗುತ್ತಾರೆ. ಅವರ ತಪ್ಪಲ್ಲ ಅದು. ಮಾಂಗಲ್ಯ, ಸರದ ವಿಷಯದಲ್ಲೂ ಹೀಗೇ, ರವಿಕೆಯ ಮೇಲೆ ಬರುವಂತೆ ಹಾಕಿಕೊಂಡರೆ ಸಾಕು.

ಹೆಜ್ಜೆ 6: ಅಂಟಿಸುವುದು

ವೈರನ್ನು ಮೊದಲೇ ಗುಂಡಿಗೆ ಸಿಕ್ಕಿಸಿ, ಆಮೇಲೆ ಮೈಗೆ ಅಂಟಿಸಿ. ಅಂಟಿಸಿದ ಮೇಲೆ ಗುಂಡಿ ಒತ್ತಿದರೆ ಎದೆ ನೋಯುತ್ತದೆ, ಜೆಲ್ ಹಿಂಡಿ ಅಂಟಿನ ಕಡೆ ಹರಿಯುತ್ತದೆ. ಒತ್ತುವುದಾದರೆ ಅಂಚನ್ನು ಸುತ್ತಲೂ ಬೆರಳಾಡಿಸಿ ಒತ್ತಿ, ನಡುವೆ ಬೇಡ. ಜಾಗ ಆದಷ್ಟು ಎಲುಬಿನ ಮೇಲೆ ಇರಲಿ. ಮಾಂಸಖಂಡ, ಮಡಿಕೆ, ಮೊಲೆಯ ಮೇಲೆ ಬೇಡ. ವೈರಿನಲ್ಲಿ ಒಂದು ಸಣ್ಣ ಸುತ್ತು ಮಾಡಿ ಟೇಪ್ ಹಾಕಿದರೆ ಜಗ್ಗಿದಾಗ ಪೆಟ್ಟು ಟೇಪಿಗೆ ಬೀಳುತ್ತದೆ. ಅಂಟಿಸಿದ ಮೇಲೆ ಕೆಲವು ನಿಮಿಷ ಬಿಡಿ, ಜೆಲ್ ಚರ್ಮಕ್ಕೆ ಇಳಿದ ಹಾಗೆ ಗೆರೆ ತಾನೇ ಸುಧಾರಿಸುತ್ತದೆ.

ಒಬ್ಬರ ಮೈಮೇಲೆ ಎಲ್ಲ ಎಲೆಕ್ಟ್ರೋಡ್ ಒಂದೇ ಕಂಪನಿ, ಒಂದೇ ಮಾದರಿಯದು ಇರಬೇಕು. ಎರಡು ಬಗೆ ಬೆರೆಸಿದರೆ ಅವುಗಳ ಸ್ವಂತ ವೋಲ್ಟೇಜ್ ಬೇರೆ ಬೇರೆ ಇರುವುದರಿಂದ ಗೆರೆ ಮೇಲೆ ಕೆಳಗೆ ತೇಲುತ್ತದೆ.

ವಾರ್ಡಿನಲ್ಲಿ ಕೆಲಸ ಮಾಡುವ ತಂಗಿಯರಿಗೆ ಎರಡು ಮಾತು. ವೈರಿನ ಬಣ್ಣ ನಂಬಬೇಡಿ, ಅದರ ಮೇಲಿನ ಅಕ್ಷರ ಓದಿ. ಯುರೋಪಿನ ಪದ್ಧತಿಯಲ್ಲಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಅಮೆರಿಕದ ಪದ್ಧತಿಯಲ್ಲಿ ಬಲಗೈ ಬಿಳಿ, ಎಡಗೈ ಕಪ್ಪು, ಎಡಗಾಲು ಕೆಂಪು, ಬಲಗಾಲು ಹಸಿರು. ಒಂದೇ ಆಸ್ಪತ್ರೆಯಲ್ಲಿ ಎರಡೂ ಕೇಬಲ್ ಇರುತ್ತವೆ. ಎರಡನೆಯದು, ಮಾನಿಟರ್ ರೋಗಿಯ ಎಲೆಕ್ಟ್ರೋಡ್ ದಿನಕ್ಕೊಮ್ಮೆ ಬದಲಿಸಿ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಇದೊಂದನ್ನೇ ಮಾಡಿ ನೋಡಿದಾಗ ಅಲಾರಂ ಸರಾಸರಿ 46 ಶೇಕಡಾ ಇಳಿಯಿತು. 2013ರಲ್ಲಿ ಇದು ಪ್ರಕಟವಾಗಿದೆ. ಸುಳ್ಳು ಅಲಾರಂ ಕಡಿಮೆಯಾದರೆ ನಿಜವಾದದ್ದಕ್ಕೆ ಕಿವಿ ಉಳಿಯುತ್ತದೆ.

ತಾಲೂಕು ಆಸ್ಪತ್ರೆಗಳಲ್ಲಿ ಚೊಕ್ಕ ಗೆರೆಯ ತೂಕ ಇನ್ನೂ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ರೋಗಿಯ ಮುಖ ಅವರ ಕಣ್ಣ ಮುಂದೆ ಇಲ್ಲ, ಗೆರೆ ಮಾತ್ರ ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕಾ ಬೇಡವಾ ಅನ್ನುವ ನಿರ್ಧಾರಕ್ಕೆ ಆ ಗೆರೆ ಬೇಕು.

ಹೆಜ್ಜೆ 7: ಹೋಲ್ಟರ್ ಕಟ್ಟಿಕೊಂಡು ಊರಿಗೆ ಹೋದ ಮೇಲೆ

ಹೊರಡುವ ಮೊದಲು ಅದೇ ಮಾದರಿಯ ಎರಡು ಎಲೆಕ್ಟ್ರೋಡ್, ಸ್ವಲ್ಪ ಟೇಪ್ ಕೇಳಿ ತೆಗೆದುಕೊಳ್ಳಿ. ಎಲೆಕ್ಟ್ರೋಡ್ ಚೀಲದಲ್ಲೇ ಇರಲಿ. ಎದೆಯ ಫೋಟೋ ಒಂದು ಮೊಬೈಲಿನಲ್ಲಿ ಇರಲಿ, ಯಾವ ಬಣ್ಣ ಎಲ್ಲಿ ಅಂತ. ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿಕೊಳ್ಳಿ. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬೇಡ, ನಡುವೆ ಕೂರಿ. ಮೊಬೈಲನ್ನು ಯಂತ್ರದ ಪಕ್ಕದ ಜೇಬಿನಲ್ಲಿ ಇಡಬೇಡಿ.

ಕೆಲಸ ನಿಲ್ಲಿಸಬೇಡಿ. ಯಾವ ಕೆಲಸದಲ್ಲಿ ಎದೆ ಡವಡವ ಅನ್ನುತ್ತದೋ ಅದು ದಾಖಲಾಗಲಿ ಅಂತಲೇ ಇದನ್ನು ಕಟ್ಟುವುದು. ಡಾಕ್ಟರ್ ಬೇಡ ಅಂದದ್ದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿ. ತಲೆ ತಿರುಗಿದರೆ, ಎದೆ ಹಾರಿದರೆ, ಗಂಟೆ ನೋಡಿ ಚೀಟಿಯಲ್ಲಿ ಬರೆಯಿರಿ.

ಅಂಚು ಎದ್ದರೆ ಮೇಲೆ ಟೇಪ್ ಸಾಕು. ಪೂರ್ತಿ ಕಿತ್ತು ಬಂದರೆ ಹಳೆಯದನ್ನು ಮತ್ತೆ ಒತ್ತಬೇಡಿ. ಬೆವರು ಒರೆಸಿ, ಒಣಗಿಸಿ, ವೈರಿಗೆ ಹೊಸದು ಸಿಕ್ಕಿಸಿ, ಅದೇ ಜಾಗಕ್ಕೆ ಅಂಟಿಸಿ, ಗಂಟೆ ಬರೆದಿಡಿ. ಗೊಂದಲ ಆದರೆ ಕಟ್ಟಿದವರಿಗೆ ಫೋನ್ ಮಾಡಿ. ರಾತ್ರಿ ಹತ್ತು ಗಂಟೆಗೆ ಫೋನ್ ಬಂದರೂ ನನಗೆ ಬೇಸರ ಇಲ್ಲ. ಬೆಳಿಗ್ಗೆ ಖಾಲಿ ಗೆರೆ ನೋಡುವುದೇ ಬೇಸರ.

ತುಸು ತುರಿಕೆ ಸಹಜ. ಉರಿ ಹೆಚ್ಚಾದರೆ, ಗುಳ್ಳೆ ಬಂದರೆ ತಡೆದುಕೊಂಡು ಕೂರಬೇಡಿ, ತಿಳಿಸಿ.

ತೆಗೆಯುವಾಗ

ಬ್ಯಾಂಡೇಜ್ ಕಿತ್ತ ಹಾಗೆ ಒಂದೇ ಸಲ ಜಗ್ಗಬೇಡಿ. ಒಂದು ಅಂಚು ಬಿಡಿಸಿ, ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಹಿಡಿದು, ಪಟ್ಟಿಯನ್ನು ಮಡಚಿದಂತೆ ಮೈಗೆ ಸಮನಾಗಿ ನಿಧಾನ ಎಳೆಯಿರಿ. ಬರದಿದ್ದರೆ ಉಗುರುಬೆಚ್ಚಗಿನ ನೀರಿನ ಬಟ್ಟೆ ಇಟ್ಟು ನೆನೆಸಿ. ಕೆಂಪು ಗುರುತು ಒಂದೆರಡು ದಿನದಲ್ಲಿ ಹೋಗುತ್ತದೆ. ತೊಳೆದು ಒರೆಸಿದ ಮೇಲೆ ಈಗ ಕೊಬ್ಬರಿ ಎಣ್ಣೆ ಹಚ್ಚಬಹುದು. ಗುಳ್ಳೆ ಎದ್ದಿದ್ದರೆ ಎಣ್ಣೆ ಬೇಡ, ಡಾಕ್ಟರಿಗೆ ತೋರಿಸಿ. ಯಾವ ಎಲೆಕ್ಟ್ರೋಡ್‌ಗೆ ಹೀಗಾಯಿತು ಅಂತ ಖಾಲಿ ಚೀಲದ ಫೋಟೋ ತೆಗೆದು ರಿಪೋರ್ಟ್ ಫೈಲಿನ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಅದನ್ನು ತೋರಿಸಿದರೆ ಬೇರೆ ಬಗೆಯದು ಹಾಕುತ್ತಾರೆ.